ಒಂದು ಮೊಳ ದಾರದ ದೂರ

“ಈ ಭೂಮಿಯ ಮೇಲೆ ಒಂದು ದಿನಕ್ಕಿಂತ ದೂರದಲ್ಲಿರೋ ಮನುಷ್ಯನೇ ಇಲ್ಲ. ಇದ್ದರೆ ಕರಕೊಂಡು ಬನ್ನಿ, ನನ್ನ ಕುರ್ಚಿ ಬಿಟ್ಟುಕೊಟ್ಟು ಎದ್ದು ಹೋಗ್ತೀನಿ!”

ಹೀಗೆ ಊರಿಗೆಲ್ಲ ಸವಾಲು ಹಾಕಿಕೊಂಡು ಕೂತಿದ್ದವನು ವಿಮಾನದ ಟಿಕೆಟ್ ಮಾರುವ ಅಂಗಡಿಯ ದಾರದಣ್ಣ. ಅವನ ಸವಾಲಿಗೆ ಎದುರು ನಿಂತವರಿಲ್ಲ. ಅಷ್ಟು ದೂರದ ಮನುಷ್ಯ ಎಲ್ಲಾದರೂ ಸಿಕ್ಕಿದ್ದರೂ ಅವನನ್ನು ಕರೆತರುವ ಟಿಕೆಟ್ಟನ್ನು ಮತ್ತೆ ದಾರದಣ್ಣನ ಹತ್ತಿರವೇ ಕೊಳ್ಳಬೇಕಿತ್ತಲ್ಲ!

ಅಂಗಡಿ ಇದ್ದದ್ದು ಚಪ್ಪಲಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ, ಅವೆರಡೂ ಉಸಿರು ಬಿಗಿಹಿಡಿದು ಜಾಗ ಬಿಟ್ಟುಕೊಟ್ಟಂತೆ. ಸ್ವಲ್ಪ ದಪ್ಪಗಿರುವ ಗಿರಾಕಿ ಒಳಗೆ ಬಂದರೆ ಗೋಡೆಯ ಕ್ಯಾಲೆಂಡರು ಹೊರಗೆ ಹೋಗಬೇಕಿತ್ತು. ಮೇಜಿನ ಮೇಲೆ ಒಂದು ಕಪ್ಪು ಟೆಲಿಫೋನು, ಮುಟ್ಟಿದರೆ ಬೆರಳಿಗೆ ಕಾರ್ಬನ್ನಿನ ಕೆಂಪು ಹತ್ತುವ ಟಿಕೆಟ್ ಪುಸ್ತಕಗಳು, ಒಂದು ಮೊಹರು, ಮತ್ತು ಇವೆಲ್ಲವನ್ನೂ ಮೂಲೆಗೊತ್ತಿ ಮಧ್ಯದಲ್ಲಿ ಮೆರೆಯುತ್ತಿದ್ದ ತಗಡಿನ ಭೂಗೋಳ. ದೊಡ್ಡ ಕೊಡದಷ್ಟು ದಪ್ಪದ್ದು. ಒಮ್ಮೆ ಕೆಳಗೆ ಬಿದ್ದು ಅದರ ಒಂದು ಸಮುದ್ರ ತಗ್ಗಾಗಿತ್ತು. ಆ ಕಡೆ ಹೋಗುವವರಿಗೆ ದಾರದಣ್ಣ ಮೊದಲೇ ಹೇಳಿಬಿಡುತ್ತಿದ್ದ: “ಇಲ್ಲಿ ವಿಮಾನ ಸ್ವಲ್ಪ ಕುಲುಕುತ್ತೆ, ಗಾಬರಿ ಆಗ್ಬೇಡಿ.” ಹೋಗಿ ಬಂದವರು ನಿಜವಾಗಿಯೂ ಕುಲುಕಿತು ಎಂದು ಹೇಳಿ ಅವನ ಕೈ ಕುಲುಕುತ್ತಿದ್ದರು.

ಅವನಿಗೆ ಆ ಹೆಸರು ಬಂದದ್ದು ಜೇಬಿನಲ್ಲಿರುತ್ತಿದ್ದ ಕರಿ ದಾರದಿಂದ. ಗುಂಡಿ ಹೊಲಿಯುವ ಗಟ್ಟಿ ದಾರ, ಉದ್ದಕ್ಕೂ ಗಂಟುಗಳು. ಒಂದು ಗಂಟಿನಿಂದ ಇನ್ನೊಂದು ಗಂಟಿಗೆ ವಿಮಾನದ ಒಂದು ತಾಸು. ಗಿರಾಕಿ ಊರಿನ ಹೆಸರು ಹೇಳಬೇಕು, ದಾರದಣ್ಣ ಭೂಗೋಳವನ್ನು ಗರಕ್ಕನೆ ತಿರುಗಿಸಿ ಈ ಊರಿನ ಮೇಲೆ ಒಂದು ಹೆಬ್ಬೆರಳು, ಆ ಊರಿನ ಮೇಲೆ ಇನ್ನೊಂದು ಹೆಬ್ಬೆರಳು ಊರಿ ದಾರ ಬಿಗಿಯಬೇಕು, ಗಂಟು ಎಣಿಸಿ ಪ್ರಯಾಣದ ಹೊತ್ತು ಹೇಳಬೇಕು. ಅಚ್ಚಾದ ವೇಳಾಪಟ್ಟಿಯ ಪುಸ್ತಕ ಕಪಾಟಿನಲ್ಲಿ ಇತ್ತು. ದಾರ ಒಂದು ಹೇಳಿ ಪುಸ್ತಕ ಇನ್ನೊಂದು ಹೇಳಿದರೆ ತಪ್ಪು ಪುಸ್ತಕದ್ದು, ಇಲ್ಲವೇ ಪೈಲಟ್ಟಿನದು.

ತಮಾಷೆಯ ಮಾತು ಹಾಗಿರಲಿ, ಆ ದಾರ ಎಷ್ಟೋ ಜನರ ಕಣ್ಣೀರು ಒರೆಸಿತ್ತು. ಮಗನೋ ಮಗಳೋ ದೂರದೇಶಕ್ಕೆ ಹೊರಟಾಗ ಅಂಗಡಿಯಲ್ಲೇ ಅಳಲು ಶುರುಮಾಡುವ ತಾಯಂದಿರ ಕೈ ಹಿಡಿದು ಅವರ ಬೆರಳನ್ನೇ ಭೂಗೋಳದ ಮೇಲೆ ಇಡಿಸುತ್ತಿದ್ದ. “ನೋಡಿ ಅಮ್ಮಾ, ನಿಮ್ಮ ಹೆಬ್ಬೆರಳಿಂದ ಕಿರುಬೆರಳಿಗೆ. ಅಷ್ಟೇ ದೂರ. ನೀವು ಇಲ್ಲಿ ಬೈದರೆ ಅಲ್ಲಿ ಕೇಳಿಸುತ್ತೆ.” ತಾಯಿ ಮೂಗು ಒರೆಸಿಕೊಂಡು ನಕ್ಕು ಹೋಗುತ್ತಿದ್ದಳು.

ಊರಿನ ಅರ್ಧ ಜನರನ್ನು ಆಕಾಶಕ್ಕೆ ಹತ್ತಿಸಿದ ಈ ಮಹಾಶಯ ಮಾತ್ರ ಮನೆಯ ಮಾಳಿಗೆಗಿಂತ ಮೇಲೆ ಹೋದವನಲ್ಲ.

ಹೋಗಲು ಕಾರಣವಿತ್ತು. ಹನ್ನೆರಡು ಸಾವಿರ ಕಿಲೋಮೀಟರಿನಾಚೆ ಅವನ ಅಕ್ಕ ಇದ್ದಳು.

ತಾಯಿಯಿಲ್ಲದ ಮನೆಯಲ್ಲಿ ಅವನನ್ನು ಎತ್ತಿ ಬೆಳೆಸಿದವಳು ಅವಳೇ. ಅಚ್ಚಿನ ಮನೆಯ ಮೇಲಿನ ಎರಡು ಕೋಣೆ ಅವರದು. ಕೆಳಗೆ ಯಂತ್ರ ಓಡಿದಾಗಲೆಲ್ಲ ಮೇಲೆ ಪಾತ್ರೆಗಳು ಕುಣಿಯುತ್ತಿದ್ದವು. ತಟ್ಟೆ ಮುಂದೆ ಸರಿದರೆ ಹಿಂದೆ ಎಳೆದು, ಲೋಟ ಹಿಂದೆ ಸರಿದರೆ ಮುಂದೆ ತಂದು ಅಕ್ಕ ತಮ್ಮನಿಗೆ ಉಣ್ಣಿಸುತ್ತಿದ್ದಳು. ಅವನ ಬಾಯಿ ಜೋರಾದದ್ದೂ ಅಲ್ಲೇ. ಆ ಸದ್ದಿನಲ್ಲಿ ಪಿಸುಮಾತಾಡಿ ಬದುಕಿದವರಿಲ್ಲ. ಅವನು ಟಿಕೆಟ್ ಅಂಗಡಿಗೆ ಸೇರಿದ ಕೆಲವೇ ದಿನಕ್ಕೆ ಅಕ್ಕನಿಗೆ ಮದುವೆಯಾಯಿತು. ಭಾವ ಲಿಫ್ಟ್ ರಿಪೇರಿ ಮಾಡುವವನು. ದೂರದ ಒಂದು ನಗರದಲ್ಲಿ ಮನೆಗಳು ಮೇಲಕ್ಕೇ ಬೆಳೆಯುತ್ತಿದ್ದವಂತೆ. ಅಲ್ಲಿ ಅವನಿಗೆ ಕೆಲಸ ಸಿಕ್ಕಿತು. ಅಕ್ಕನ ಟಿಕೆಟ್ ಬರೆದದ್ದು ತಮ್ಮನೇ. ಬರೆದು, ದಾರ ಬಿಗಿದು ತೋರಿಸಿದ.

“ಹದಿನಾಲ್ಕು ಗಂಟು. ಸರಿಯಾಗಿ ಒಂದು ಮೊಳ ಅಕ್ಕಾ! ನಡುವೆ ಒಂದು ಕಡೆ ವಿಮಾನ ಬದಲಾಯಿಸ್ಬೇಕು, ಅಷ್ಟೇ. ನೀನು ಅಲ್ಲಿ ಒಲೆ ಹಚ್ಚಿ ನನ್ನ ಕರಿ, ಅಡುಗೆ ಆಗೋಷ್ಟರಲ್ಲಿ ಬಂದಿರ್ತೀನಿ.”

“ಹದಿನಾಲ್ಕು ಗಂಟೆ ಬೇಯೋ ಅಡುಗೆ ಯಾವುದೋ?” ಎಂದಳು ಅಕ್ಕ, ಸೆರಗಿನಿಂದ ಕಣ್ಣೊರೆಸಿಕೊಂಡು.

“ನಿನ್ನ ಕೈಯಡುಗೆ ಎಲ್ಲಾ ಹಾಗೇ ಅಲ್ವಾ?”

ಅಳುತ್ತಲೇ ಅವನ ಬೆನ್ನಿಗೊಂದು ಗುದ್ದಿ ಅಕ್ಕ ಹೊರಟುಹೋದಳು. ಅದಾಗಿ ಇಪ್ಪತ್ತೆರಡು ವರ್ಷ.

ಭಾನುವಾರಕ್ಕೊಮ್ಮೆ ಅವಳ ಫೋನು ಬರುತ್ತಿತ್ತು. ಮೊದಮೊದಲು “ಯಾವಾಗ ಬರ್ತೀಯೋ?” ಎಂದು ಕೇಳುತ್ತಿದ್ದಳು. ಭಾವ ತೀರಿಕೊಂಡಾಗಲೂ ಕೇಳಿದಳು. ಆಗ ರಜೆಯ ಕಾಲ, ಅಂಗಡಿ ತುಂಬ ಜನ. ಗಲಾಟೆ ಮುಗಿಯಲಿ ಅಂದ. ಗಲಾಟೆ ಮುಗಿದಾಗ ಹೆಂಡತಿಗೆ ಬಸುರು. ಆಮೇಲೆ ಮಗುವಿಗೆ ಹಲ್ಲು ಬಂತು, ಮಗುವಿನ ಹಲ್ಲು ಬಿತ್ತು, ಅಂಗಡಿಯ ಯಜಮಾನರಿಗೆ ಸೊಂಟ ಹಿಡಿಯಿತು. ಒಂದೊಂದೂ ನಿಜವಾದ ಕಾರಣವೇ. ಆದರೆ ಎಲ್ಲದರ ಹಿಂದೆ ಆ ದಾರವಿತ್ತು. ಮೂಟೆ ಕಟ್ಟಿಕೊಂಡು ತಿಂಗಳುಗಟ್ಟಲೆ ಹಡಗಿನಲ್ಲಿ ಹೋಗುವಷ್ಟು ದೂರವಾಗಿದ್ದರೆ ಎಂದೋ ಹೋಗಿಬಿಡುತ್ತಿದ್ದನೋ ಏನೋ. ಒಂದು ಮೊಳ ತಾನೆ, ಬೇಕೆಂದಾಗ ಹೋದರಾಯಿತು ಅನ್ನುವವನಿಗೆ ಬೇಕೆನ್ನುವ ದಿನವೇ ಬರುವುದಿಲ್ಲ.

ಫೋಟೋವನ್ನಾದರೂ ಕಳಿಸೋ ಎಂದರೆ ಅದಕ್ಕೂ ಕೊಂಕು. “ಮುಖವೇ ಬರೋವಾಗ ಅದರ ಚಿತ್ರ ಯಾಕೆ ಅಕ್ಕಾ?” ಆಮೇಲಾಮೇಲೆ ಅಕ್ಕ ಕೇಳುವುದನ್ನೇ ಬಿಟ್ಟಳು. ಹವಾಮಾನದ ವಿಷಯ ಕೇಳುತ್ತಿದ್ದಳು.

ವಿಮಾನ ಕಂಪನಿಯವರು ಟಿಕೆಟ್ ಮಾರುವವರಿಗೆಂದು ವರ್ಷಕ್ಕೊಂದು ಬಿಟ್ಟಿ ಟಿಕೆಟ್ ಕೊಡುತ್ತಿದ್ದರು. ಅದು ಎಲ್ಲಿಗೆ ಬೇಕಾದರೂ ಆದೀತು, ಆದರೆ ಸೀಟು ಉಳಿದರೆ ಮಾತ್ರ. ದುಡ್ಡು ಕೊಟ್ಟವರೆಲ್ಲ ಹತ್ತಿದ ಮೇಲೆ ಜಾಗ ಖಾಲಿ ಇದ್ದರೆ ಇವರನ್ನು ಕರೆಯುತ್ತಾರೆ, ಇಲ್ಲದಿದ್ದರೆ ಮುಂದಿನ ವಿಮಾನ. ದಾರದಣ್ಣನ ಬಿಟ್ಟಿ ಟಿಕೆಟ್ಟುಗಳು ಮೇಜಿನ ಖಾನೆಯಲ್ಲೇ ಹುಟ್ಟಿ, ಅಲ್ಲೇ ಅವಧಿ ತುಂಬಿ, ಅಲ್ಲೇ ಸಾಯುತ್ತಿದ್ದವು. ಹೆಂಡತಿ ಒಮ್ಮೆ ಖಾನೆ ಗುಡಿಸುತ್ತ ಅಂದಳು:

“ಒಂದು ಮೊಳ ದಾರ ದಾಟೋಕೆ ಇಪ್ಪತ್ತು ವರ್ಷವೇನ್ರೀ? ಇರುವೆಯಾಗಿದ್ರೆ ಇಷ್ಟು ಹೊತ್ತಿಗೆ ನಾಲ್ಕು ಸಲ ಹೋಗಿ ಬಂದು ಮೊಮ್ಮಕ್ಕಳಿಗೆ ಕತೆ ಹೇಳ್ತಿತ್ತು.”

“ಇರುವೆಗೇನೇ, ಅಂಗಡಿ ನೋಡ್ಕೊಳ್ಳೋದಿದೆಯಾ?” ಅಂದ ದಾರದಣ್ಣ.

ಒಂದು ಭಾನುವಾರ ಅಕ್ಕ ಹವಾಮಾನ ಕೇಳಲಿಲ್ಲ.

“ಪುಟ್ಟಾ, ನನ್ನ ಎಡಗಣ್ಣು ಹೋಗಿ ಆರು ವರ್ಷ ಆಯ್ತಲ್ಲ. ಈಗ ಬಲಗಣ್ಣಿನ ಹಿಂದೆ ಒಂದು ಗಡ್ಡೆ ಎದ್ದಿದೆಯಂತೆ. ಕೆಟ್ಟ ಜಾತಿಯದು. ಕಣ್ಣು ತೆಗೆದ್ರೆ ಜೀವ ಉಳಿಯುತ್ತೆ ಅಂತಾರೆ. ಗುರುವಾರ ಬೆಳಿಗ್ಗೆ ತೆಗೀತಾರೆ.”

ದಾರದಣ್ಣ ಫೋನನ್ನು ಇನ್ನೊಂದು ಕಿವಿಗೆ ಒತ್ತಿಕೊಂಡ. ಅಕ್ಕನೇ ಮುಂದುವರಿಸಿದಳು.

“ಮಗಳ ಮುಖ ಬೇಕಾದಷ್ಟು ನೋಡಿದೀನಿ. ಮನೆಯ ಗೋಡೆ, ಕಿಟಕಿ, ಬೀದಿ ಎಲ್ಲಾ ಬಾಯಿಪಾಠ ಆಗಿದೆ. ನೀನೊಬ್ಬ ಬಾಕಿ. ನನ್ನ ಕಣ್ಣಲ್ಲಿ ನೀನಿನ್ನೂ ಇಪ್ಪತ್ತರ ಹುಡುಗನೇ ಕಣೋ. ಗುರುವಾರಕ್ಕೆ ಮೊದಲು ಒಂದು ಸಲ ಬಂದು ಎದುರಿಗೆ ನಿಂತುಬಿಡು. ಆಮೇಲೆ ಏನು ಬೇಕಾದ್ರೂ ಆಗಲಿ.”

“ಬರ್ತೀನಿ ಅಕ್ಕಾ. ಸೋಮವಾರ ಹೊರಟ್ರೆ ಮಂಗಳವಾರ ನಿನ್ನ ಮುಂದೆ. ಎರಡು ದಿನ ಪೂರ್ತಿ ನೋಡು. ಸಾಕಾಗಿ ನೀನೇ ಕಣ್ಣು ಮುಚ್ಕೋತೀಯ.”

ಫೋನಿಟ್ಟು ಖಾನೆ ಎಳೆದ. ಆ ವರ್ಷದ ಬಿಟ್ಟಿ ಟಿಕೆಟ್ಟಿಗೆ ಇನ್ನೂ ಜೀವವಿತ್ತು. ಅದನ್ನು ಕಂಡದ್ದೇ ಹೆಂಡತಿ ಕೈ ಹಿಡಿದಳು.

“ಅದು ಬೇಡಾರೀ. ಈ ಸಲ ದುಡ್ಡು ಕೊಟ್ಟು ಗಟ್ಟಿ ಟಿಕೆಟ್ ತಗೊಳ್ಳಿ. ಬೇಕಾದ್ರೆ ನನ್ನ ಬಳೆ ತಗೊಳ್ಳಿ.”

“ಟಿಕೆಟ್ ಮಾರೋನು ಟಿಕೆಟ್ ಕೊಳ್ಳೋದಾ? ಊರೆಲ್ಲಾ ನಗುತ್ತೆ ಕಣೇ. ಎರಡು ದಿನ ಕೈಯಲ್ಲಿದೆ, ಇಷ್ಟು ದೊಡ್ಡ ವಿಮಾನದಲ್ಲಿ ನನ್ನೊಬ್ಬನ ಕುಂಡೆಗೆ ಜಾಗ ಇರಲ್ವಾ?”

ದಾರದಣ್ಣ ಜಿಪುಣನಲ್ಲ. ಬಳೆಯ ಅಗತ್ಯವೂ ಇರಲಿಲ್ಲ, ಪೆಟ್ಟಿಗೆಯಲ್ಲಿ ಅಷ್ಟು ಹಣವಿತ್ತು. ಆದರೆ ತನ್ನ ಅಂಗಡಿಯಲ್ಲಿ ತಾನೇ ಗಿರಾಕಿಯಾಗಿ ನಿಲ್ಲುವುದು ಅವನ ಕಸುಬಿನವರಲ್ಲಿ ಯಾರೂ ಮಾಡದ ಕೆಲಸ. ಅವರೆಲ್ಲರ ಮರ್ಯಾದೆಯೇ ಆ ಬಿಟ್ಟಿ ಟಿಕೆಟ್ಟಿನಲ್ಲಿತ್ತು.

ಮೊದಲ ವಿಮಾನದಲ್ಲಿ ಜಾಗ ಸಿಕ್ಕಿತು. ಐದು ಗಂಟಿನ ದೂರ. ದಾರದಣ್ಣ ಕಿಟಕಿಗೆ ಮೂಗು ಒತ್ತಿಕೊಂಡು ಕೂತ. ತಾನು ಇಷ್ಟು ವರ್ಷ ಬೆರಳಲ್ಲಿ ಒತ್ತುತ್ತಿದ್ದ ಭೂಮಿ ಕೆಳಗೆ ಹರಡಿಕೊಂಡಿತ್ತು. ತಗಡಿನ ಹಾಗೆ ಹೊಳೆಯುತ್ತಿರಲಿಲ್ಲ, ಊರಿನ ಹೆಸರೂ ಬರೆದಿರಲಿಲ್ಲ. ಒಂದು ಗಂಟು ಕಳೆಯುವಷ್ಟರಲ್ಲಿ ಮಂಡಿ ನೋಯತೊಡಗಿತು. ಅಂಗಡಿಯಲ್ಲಿ ಉಗುರಿನಷ್ಟಿದ್ದ ಆ ದೂರ ಇಲ್ಲಿ ಮುಗಿಯುವಂತೆಯೇ ಕಾಣಲಿಲ್ಲ. ತಾನು ಈವರೆಗೆ ಎಷ್ಟು ಮಂಡಿಗಳನ್ನು ನೋಯಿಸಿದ್ದೇನೋ ಎಂಬ ಯೋಚನೆ ಬಂತು.

ವಿಮಾನ ಬದಲಾಯಿಸಬೇಕಾದ ನಿಲ್ದಾಣ ಗಾಜಿನದು. ಗಾಜಿನ ಗೋಡೆ, ಗಾಜಿನ ಬಾಗಿಲು. ನೆಲವೂ ಎಷ್ಟು ಹೊಳೆಯುತ್ತಿತ್ತೆಂದರೆ ಜನ ತಮ್ಮ ಮುಖದ ಮೇಲೆ ತಾವೇ ಕಾಲಿಟ್ಟುಕೊಂಡು ನಡೆಯುತ್ತಿದ್ದರು. ಒಂಬತ್ತು ತಾಸಿನ ಎರಡನೇ ವಿಮಾನ ದಿನಕ್ಕೊಂದೇ. ಮಂಗಳವಾರದ್ದು ಭರ್ತಿ. ಕೌಂಟರಿನ ಹೆಂಗಸು ಅವನ ಟಿಕೆಟ್ ನೋಡಿ ನಯವಾಗಿ, “ಇವತ್ತು ಆಗಲ್ಲ ಸರ್, ನಾಳೆ ನೋಡೋಣ,” ಅಂದಳು.

“ನೀವೂ ಹೊಟ್ಟೆಪಾಡಿಗೆ ಬಂದೋರು, ನಾನೂ ಹೊಟ್ಟೆಪಾಡಿನೋನು. ರೆಕ್ಕೆ ಮೇಲಾದ್ರೂ ಕೂರಿಸಿ ಅಮ್ಮಾ,” ಅಂದ. ಹೆಂಗಸು ನಕ್ಕಳು. ಸೀಟು ಮಾತ್ರ ಹುಟ್ಟಲಿಲ್ಲ.

ಅವನಿಗೆ ಚಿಂತೆಯಾಗಲಿಲ್ಲ. ಬುಧವಾರ ಇದೆಯಲ್ಲ. ಬುಧವಾರದ ವಿಮಾನ ಹತ್ತಿದರೂ ಅಂದೇ ಸಂಜೆಗೆ ಅಕ್ಕನ ಮುಂದೆ ನಿಲ್ಲಬಹುದು. ನಿಲ್ದಾಣದ ಬೆಂಚಿನ ಮೇಲೆ ಚೀಲವನ್ನು ತಲೆದಿಂಬು ಮಾಡಿಕೊಂಡು ಗೊರಕೆ ಹೊಡೆದ. ಆ ಗೊರಕೆಗೆ ಎರಡು ವಿಮಾನ ತಡವಾಗಿ ಹೊರಟವೆಂದು ಆಮೇಲೆ ಅವನೇ ಹೇಳಿಕೊಳ್ಳುತ್ತಿದ್ದ.

ಬುಧವಾರ ಬೆಳಿಗ್ಗೆ ಬಾಗಿಲ ಮುಂದೆ ಸಾಲು ನಿಂತಾಗ ನೋಡಿದರೆ ಎಲ್ಲ ಪರಿಚಯದ ಮುಖಗಳೇ. ಔಷಧಿ ಅಂಗಡಿಯವನ ತಂಗಿ, ಬ್ಯಾಂಕಿನ ಕ್ಯಾಷಿಯರು, ಇನ್ನೂ ಯಾರ್ಯಾರೋ. ರಜೆಯ ಕಾಲ. ಒಂದು ತಿಂಗಳಿಂದ ಗಂಟಲು ಹರಿದುಕೊಂಡು ಈ ವಿಮಾನವನ್ನು ಭರ್ತಿ ಮಾಡಿದವನು ಬೇರೆ ಯಾರೂ ಅಲ್ಲ. “ಬೇಗ ತಗೊಳ್ಳಿ, ಆಮೇಲೆ ಒಂದು ಸೀಟೂ ಇರಲ್ಲ,” ಎಂದು ಒಬ್ಬೊಬ್ಬರಿಗೂ ಹೇಳಿ ಹೇಳಿ ಮಾರಿದ್ದ. ಆ ಮಾತು ನಿಜವಾಗಿತ್ತು.

“ಅರೆ! ದಾರದಣ್ಣ, ನೀವಿಲ್ಲಿ?” ಬಟ್ಟೆ ಅಂಗಡಿಯವರು ಹೆಂಡತಿಯೊಂದಿಗೆ ಸಾಲಿನಲ್ಲಿದ್ದರು. ಕೆಲಸದಿಂದ ಬಿಡುವು ಮಾಡಿಕೊಂಡು ಊರು ನೋಡಲು ಹೊರಟವರು. “ನೀವೂ ಇದೇ ವಿಮಾನಕ್ಕಾ?”

“ನೋಡೋಣ, ಸೀಟು ಉಳಿದ್ರೆ,” ಎಂದು ಬಾಯಿಯ ತುದಿಗೆ ಬಂತು. ನುಂಗಿಕೊಂಡ.

ಬಟ್ಟೆ ಅಂಗಡಿಯಾಕೆ ಗಂಡನಿಗಿಂತ ಸೂಕ್ಷ್ಮದವಳು. ಅವನ ಸುಕ್ಕಾದ ಅಂಗಿ, ಚೀಲದ ಗುರುತು ಮೂಡಿದ ಕೆನ್ನೆ ನೋಡಿದಳು. “ಅಣ್ಣಾ, ಏನಾದ್ರೂ ಅವಸರದ ಕೆಲಸ ಇದ್ರೆ ಹೇಳಿ. ನಮಗೇನು, ನಾಳೆ ಹೋದ್ರೂ ನಡೆಯುತ್ತೆ. ಈ ಊರನ್ನೂ ಒಂದಿನ ನೋಡಿದ ಹಾಗಾಗುತ್ತೆ. ನಮ್ಮ ಸೀಟು ನಿಮಗೆ ಕೊಡಿಸೋಣ.”

ಆ ಹೊತ್ತಿಗೆ ಇನ್ನೂ ಇಬ್ಬರು ಪ್ರಯಾಣಿಕರು ಬಂದಿರಲಿಲ್ಲ. ಎರಡು ಸೀಟು ಖಾಲಿ ಇವೆ ಎಂದು ಕೌಂಟರಿನ ಹೆಂಗಸು ಸನ್ನೆ ಮಾಡಿದ್ದಳು. ಇನ್ನೈದು ನಿಮಿಷಕ್ಕೆ ತನ್ನ ಹೆಸರು ಕೂಗುತ್ತಾರೆ ಎಂದು ದಾರದಣ್ಣನಿಗೆ ಖಾತ್ರಿಯಿತ್ತು. ಹೌದು ತಾಯಿ, ನನ್ನ ಅಕ್ಕನ ಕಣ್ಣು ನಾಳೆ ಹೋಗುತ್ತೆ, ನಾನು ಬಿಟ್ಟಿ ಟಿಕೆಟ್ಟಿನಲ್ಲಿ ಬಂದು ಸಿಕ್ಕಿಕೊಂಡಿದ್ದೇನೆ ಎಂದು ಅಷ್ಟು ಜನ ಗಿರಾಕಿಗಳ ಮುಂದೆ ಹೇಳುವುದು ಹೇಗೆ? ಅದೂ ಅಲ್ಲದೆ ಅವನ ನಾಲಿಗೆಗೆ ಇಪ್ಪತ್ತೆರಡು ವರ್ಷದ ರೂಢಿ. ಯೋಚನೆ ಚಪ್ಪಲಿ ಹುಡುಕುವಷ್ಟರಲ್ಲಿ ಅದು ಬೀದಿಗಿಳಿದಿರುತ್ತಿತ್ತು.

“ಅಯ್ಯೋ ಇಲ್ಲ ತಾಯಿ! ನಾನು ಮಾರಿದ ವಿಮಾನ ಸರಿಯಾಗಿ ಹಾರುತ್ತಾ ಇಲ್ವಾ ಅಂತ ನೋಡೋಕೆ ಬಂದಿದೀನಿ. ನೀವು ಆರಾಮಾಗಿ ಹೋಗಿ.”

ಸಾಲಿಗೆ ಸಾಲೇ ನಕ್ಕಿತು. ಬಟ್ಟೆ ಅಂಗಡಿಯಾಕೆ ಎರಡು ಹೆಜ್ಜೆ ಹೋಗಿ ಒಮ್ಮೆ ಹಿಂತಿರುಗಿ ನೋಡಿದಳು. ದಾರದಣ್ಣ ಟಾಟಾ ಮಾಡಿದ. ಅವಳು ಒಳಗೆ ಹೋದಳು.

ಆಗ ಹೊಳೆಯುವ ನೆಲದ ಮೇಲೆ ದಡದಡ ಓಡುತ್ತ, ಒಂದು ಕೈಯಲ್ಲಿ ಚಪ್ಪಲಿ ಹಿಡಿದುಕೊಂಡು, ಒಬ್ಬ ತಾಯಿ ಮತ್ತು ಮಗಳು ಬಂದರು. ಅವರೂ ಅವನ ಗಿರಾಕಿಗಳೇ. “ಅಣ್ಣಾ, ನೀವು ಹೇಳಿದ್ದು ಸರಿ, ಕೊನೇ ನಿಮಿಷದವರೆಗೂ ಬಾಗಿಲು ಹಾಕಲ್ಲ!” ಎಂದು ಕೂಗಿ ಅವನ ಪಕ್ಕದಿಂದಲೇ ನುಗ್ಗಿದರು. ಅವರ ಹಿಂದೆ ಬಾಗಿಲು ಹಾಕಿಕೊಂಡಿತು.

ಗಾಜಿನಾಚೆ ವಿಮಾನ ಹಿಂದಕ್ಕೆ ಸರಿಯಿತು, ತಿರುಗಿತು, ಹೋಯಿತು. ಸರಿಯಾಗಿಯೇ ಹಾರಿತು. ನೋಡಲು ಬಂದವನು ನೋಡಿದ.

ಫೋನಿಗೆ ನಾಣ್ಯ ಹಾಕಿ ಅಕ್ಕನ ಮನೆಯ ನಂಬರು ತಿರುಗಿಸಿದ. ಅತ್ತ ಅಕ್ಕನ ಮಗಳು ಎತ್ತಿದಳು.

“ಮಾವ, ಎಲ್ಲಿದೀರಿ? ನಿನ್ನೆಯಿಂದ ಅಮ್ಮ ಕಿಟಕಿ ಬಿಟ್ಟು ಏಳ್ತಿಲ್ಲ.”

“ನಾಳೆ ಸಂಜೆ ಬರ್ತೀನಮ್ಮಾ. ಒಂದೇ ಒಂದು ದಿನ ಮುಂದಕ್ಕೆ ಹಾಕೋಕೆ ಆಗುತ್ತಾ ಕೇಳು.”

“ಅಮ್ಮನೇ ನಿನ್ನೆ ಕೇಳಿದ್ರು ಮಾವ. ನಾಳೆ ಬಿಟ್ರೆ ಮತ್ತೆ ಮೂರು ವಾರ ಅಂದ್ರು ಡಾಕ್ಟರು. ಇದು ಕಾಯೋ ಗಡ್ಡೆ ಅಲ್ವಂತೆ. ಅಮ್ಮನಿಗೆ ಕೊಡ್ಲಾ?”

ಬೇಡ ಅಂದ. ಏನು ಹೇಳುವುದು?

ಗುರುವಾರದ ವಿಮಾನದಲ್ಲಿ ಹನ್ನೊಂದು ಸೀಟು ಖಾಲಿ ಇದ್ದವು. ಪಕ್ಕದಲ್ಲಿ ಯಾರೂ ಇರಲಿಲ್ಲ, ಕಾಲು ಚಾಚಿ ಮಲಗಬಹುದಿತ್ತು. ಅವನು ಬೆನ್ನು ನೆಟ್ಟಗೆ ಮಾಡಿ ಕೂತೇ ಇದ್ದ. ನಡುದಾರಿಯಲ್ಲಿ ಗಡಿಯಾರ ನೋಡಿದ. ಈಗ ಅಕ್ಕನನ್ನು ಕರೆದೊಯ್ದಿರುತ್ತಾರೆ. ಇನ್ನಷ್ಟು ಹೊತ್ತಾದ ಮೇಲೆ ಮತ್ತೆ ನೋಡಿದ, ಆಮೇಲೆ ಗಡಿಯಾರ ಬಿಚ್ಚಿ ಜೇಬಿಗೆ ಹಾಕಿದ. ವಿಮಾನದ ಹೆಣ್ಣುಮಗಳು ಬಂದು, “ಮೊದಲ ಸಲ ಹೋಗ್ತಿದೀರಾ? ಭಯ ಆಗ್ತಿದೆಯಾ?” ಎಂದು ಕೇಳಿದಳು. ಹೌದು ಎಂದು ತಲೆಯಾಡಿಸಿದ.

ಆಸ್ಪತ್ರೆಯ ಕೋಣೆ ಆರನೇ ಮಹಡಿಯಲ್ಲಿ. ಅಕ್ಕನ ಮಗಳು ಬಾಗಿಲವರೆಗೆ ಬಿಟ್ಟು, “ಎಚ್ಚರ ಇದಾರೆ, ಮಾತಾಡಿಸಿ ಮಾವ,” ಎಂದು ಹೊರಗೇ ನಿಂತಳು. ಸಂಜೆಯ ಬೆಳಕು ಹಾಸಿಗೆಯ ತುಂಬ ಬಿದ್ದಿತ್ತು. ಅಕ್ಕ ಎಷ್ಟು ಸಣ್ಣಗಾಗಿದ್ದಳು! ಮುಖದ ಅರ್ಧ ಬಿಳಿಯ ಪಟ್ಟಿ. ಕೆಳಗೆ ಬಾಯಿ ಮಾತ್ರ ಅದೇ ಬಾಯಿ.

ಅವನು ಕುರ್ಚಿ ಎಳೆದು ಕೂತ. ಸದ್ದಿಗೆ ಅಕ್ಕ ತಲೆ ತಿರುಗಿಸಿದಳು.

“ಯಾರು? ನರ್ಸಾ?”

ಅವನು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ.

“ಯಾರಪ್ಪಾ?”

“ನಾನು ಅಕ್ಕಾ.”

ಅಕ್ಕ ಹೊದಿಕೆಯ ಅಂಚನ್ನು ಎದೆಯವರೆಗೆ ಎಳೆದು ಸರಿಮಾಡಿಕೊಂಡಳು. ಆಮೇಲೆ, “ಬಂದ್ಯಾ,” ಅಂದಳು. ಬೈಗುಳವಿಲ್ಲ, ಅಳುವಿಲ್ಲ. ಅಂಗಡಿಯಿಂದ ತಡವಾಗಿ ಮನೆಗೆ ಬಂದವನನ್ನು ಕೇಳಿದ ಹಾಗೆ. ಅದೇ ಅವನನ್ನು ಮುರಿಯಿತು.

“ನಿನ್ನೆ ಸೀಟು ಸಿಗ್ತಿತ್ತು ಅಕ್ಕಾ. ಒಬ್ಬ ಪುಣ್ಯಾತ್ಗಿತ್ತಿ ತಾನಾಗೇ ಕೊಡ್ತೀನಿ ಅಂದ್ಲು. ಕೇಳಿದ್ರೆ ಸಾಕಿತ್ತು. ನಾನು ಕೇಳಲಿಲ್ಲ.”

“ಏನು ಮಾಡ್ದೆ ಮತ್ತೆ?”

“ತಮಾಷೆ ಮಾಡ್ದೆ.”

ಕಿಟಕಿಯ ಕೆಳಗೆ ಬೀದಿಯಲ್ಲಿ ಯಾವುದೋ ಗಾಡಿ ಹೋಯಿತು. ಅಕ್ಕ ಅದು ದೂರವಾಗುವವರೆಗೂ ಕೇಳಿದಳು.

“ನಿನ್ನೆ ರಾತ್ರಿ ತನಕ ಬಾಗಿಲ ಕಡೆ ನೋಡ್ತಾನೇ ಇದ್ದೆ ಕಣೋ. ಬೇರೆ ಏನಾದ್ರೂ ನೋಡ್ಬಹುದಿತ್ತು. ಚಂದ್ರ ಇತ್ತಂತೆ.”

ದಾರದಣ್ಣ ತಲೆ ತಗ್ಗಿಸಿದ. ಇಪ್ಪತ್ತೆರಡು ವರ್ಷವನ್ನು ಯಾವ ದಾರದಿಂದ ಅಳೆದು, ಎಲ್ಲಿಗೆ ಗಂಟು ಹಾಕುವುದು? ಅಕ್ಕ ಕೈ ಚಾಚಿದಳು, ಗಾಳಿಯಲ್ಲಿ ತಡಕಾಡಿದಳು. ಅವನು ಮುಖ ಮುಂದಕ್ಕೆ ತಂದ. ಬೆರಳುಗಳು ಗಲ್ಲದ ಮೇಲೆ ಬಂದವು, ಕೆನ್ನೆಗೆ ಏರಿದವು, ಒದ್ದೆ ತಾಕಿ ನಿಂತವು.

“ಅಳ್ಬೇಡ. ಅಳೋರೆಲ್ಲಾ ಒಂದೇ ಥರ ಇರ್ತಾರೆ, ನನಗೆ ಗುರುತು ಸಿಗಲ್ಲ. ಈ ರೂಮಿಗೆ ದಿನಕ್ಕೆ ಹತ್ತು ಜನ ಬರ್ತಾರೆ, ಸುಮ್ಮನೆ ಕೂತ್ರೆ ಯಾರು ಅಂತ ತಿಳ್ಕೊಳ್ಳಲಿ? ಇನ್ನು ಮೇಲೆ ನನಗೆ ನಿನ್ನ ಬಾಯೇ ನಿನ್ನ ಮುಖ.”

ಅವನು ಮೂಗೆಳೆದುಕೊಂಡ. ಬೆರಳುಗಳು ಮೂಗು ದಾಟಿ, ಹುಬ್ಬು ದಾಟಿ, ಹಣೆ ಹತ್ತಿ, ಇನ್ನೂ ಹಣೆಯೇ ಅಂದುಕೊಂಡು ಹಿಂದಕ್ಕೆ ಹೋಗುತ್ತಲೇ ಇದ್ದವು. ಹಿಂಬದಿಯ ತನಕ ಹೋಗಿ ಗಕ್ಕನೆ ನಿಂತವು.

“ಅಯ್ಯಯ್ಯೋ! ಕೂದಲೆಲ್ಲಾ ಎಲ್ಲೋ?”

ದಾರದಣ್ಣ ಆ ಕೈಯ ಮೇಲೆ ತನ್ನ ಕೈಯಿಟ್ಟು ಒತ್ತಿಹಿಡಿದ.

“ಅದು ಮುಂದಿನ ವಿಮಾನಕ್ಕೆ ಬರ್ತಿದೆ ಅಕ್ಕಾ. ನನಗಿಂತ ಸೋಮಾರಿ.”